ಹೊಸ ಮದರ್‌ಬೋರ್ಡ್ ಬಂತು, ಹಳೇ ಡಿಸ್ಕ್ ಮಾಯ: ನಮ್ಮ ಗ್ರೂಪಿನ ಭಾನುವಾರದ ಪ್ರಶ್ನೋತ್ತರ (ಕೇಳಿದವರ ಹೆಸರಿನ ಬದಲು ಊರು)

ಅಡ್ಮಿನ್: ಇವತ್ತು ಸಂಜೆ 4ರಿಂದ 6ರವರೆಗೆ ಕೋಡಿಬಾಗದ ನಮ್ಮ ರಿಪೇರಿ ಅಣ್ಣ ಉತ್ತರ ಕೊಡುತ್ತಾರೆ. ಮದರ್‌ಬೋರ್ಡ್ ಬದಲಿಸಿದ ಮೇಲಿನ ತೊಂದರೆ ಮಾತ್ರ ಕೇಳಿ. ಗುಡ್ ಈವನಿಂಗ್ ಹೂವು ಬೇಡ.

ಕುಮಟಾ: ನಮಸ್ಕಾರ ಅಣ್ಣ. ಹೊಸ ಬೋರ್ಡ್, ಪ್ರೊಸೆಸರ್ ರೈಜೆನ್ 5 5600. ಫ್ಯಾನ್ ತಿರುಗುತ್ತದೆ, ಡಿಸ್ಪ್ಲೇ ಇಲ್ಲ. ಕೇಬಲ್ ಬೋರ್ಡಿನ ಎಚ್‌ಡಿಎಂಐಗೇ ಹಾಕಿದ್ದೇನೆ.

ರಿಪೇರಿ ಅಣ್ಣ: ನಮಸ್ಕಾರ. 5600 ಒಳಗೆ ಪರದೆಗೆ ಚಿತ್ರ ಕೊಡುವ ಗ್ರಾಫಿಕ್ಸ್ ಇಲ್ಲ, 5600ಜಿ ಒಳಗೆ ಇದೆ. ಹಳೇ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಹಾಕಿ, ಕೇಬಲ್ ಅದಕ್ಕೆ ಚುಚ್ಚಿ. ಬೋರ್ಡ್ ಸರಿಯಾಗೇ ಇರಬಹುದು, ವಾಪಸ್ ಮಾಡಲು ಓಡಬೇಡಿ.

ಗೋಕರ್ಣ: ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇದೆ. ಅಗಲ ಪಿನ್ನಿನ ಪೋರ್ಟ್ ಹೊಸ ಬೋರ್ಡಿನಲ್ಲಿ ಇಲ್ಲ. ಏನು ಮಾಡಲಿ?

ಯಲ್ಲಾಪುರ: ಸರ್, ನಾನು ಅಡಿಕೆ ವ್ಯಾಪಾರದ ಲೆಕ್ಕ ಬರೆಯುವವನು. ಹೊಸ ಬೋರ್ಡಿಗೆ ಎರಡು ಎಂ.2 ಎಸ್‌ಎಸ್‌ಡಿ (ಬೋರ್ಡಿನ ಮೇಲೇ ಕೂರುವ ಚಪ್ಪಟೆ ಡಿಸ್ಕ್) ಹಾಕಿಸಿದೆ. ವಿಂಡೋಸ್ ಚೆನ್ನಾಗಿ ಓಡುತ್ತದೆ. ಆದರೆ ಹಳೇ ಹಾರ್ಡ್ ಡಿಸ್ಕ್ ಬಯಾಸ್‌ನಲ್ಲೂ (ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್ ಪರದೆ) ಕಾಣುತ್ತಿಲ್ಲ. ಆರು ವರ್ಷದ ಲೆಕ್ಕ ಅದರಲ್ಲಿದೆ. ಡಿಸ್ಕ್ ಸತ್ತಿದೆ, ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಡಿ ಎಂದು ಒಂದು ಫಾರ್ವರ್ಡ್ ಬಂದಿದೆ.

ರಿಪೇರಿ ಅಣ್ಣ: ದಯವಿಟ್ಟು ಫ್ರಿಜ್ಜಿಗೆ ಇಡಬೇಡಿ. ಹೊರಗೆ ತೆಗೆದ ಕೂಡಲೇ ನೀರು ಹನಿಗಟ್ಟುತ್ತದೆ. ಆಮೇಲೆ ನಿಜವಾಗಿಯೂ ಸಾಯುತ್ತದೆ.

ಡಿಸ್ಕಿನ ಕೇಬಲ್ ಬೋರ್ಡಿನ ಯಾವ ಸಾಟಾ ಪೋರ್ಟಿನಲ್ಲಿದೆ (ಡಿಸ್ಕ್ ಕೇಬಲ್ ಚುಚ್ಚುವ ಕಿಂಡಿ) ನೋಡಿ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ನಂಬರ್ ಇರುತ್ತದೆ. 5 ಅಥವಾ 6 ಇರಬೇಕು ಎಂದು ನನ್ನ ಅನುಮಾನ. ತುಂಬಾ ಬೋರ್ಡುಗಳಲ್ಲಿ ಎರಡನೇ ಎಂ.2 ಸ್ಲಾಟಿಗೂ ಆ ಎರಡು ಪೋರ್ಟಿಗೂ ದಾರಿ ಒಂದೇ. ಸ್ಲಾಟಿಗೆ ಎಸ್‌ಎಸ್‌ಡಿ ಕೂತರೆ ಪೋರ್ಟ್ ಬಂದ್. ಬೀಪ್ ಇಲ್ಲ, ಹಳದಿ ಗುರುತಿಲ್ಲ. ಅದಕ್ಕೇ ಜನ ಡಿಸ್ಕ್ ಸತ್ತಿತು ಅಂದುಕೊಳ್ಳುತ್ತಾರೆ. ಯಾವ ಸ್ಲಾಟ್ ಯಾವ ಪೋರ್ಟನ್ನು ನುಂಗುತ್ತದೆ ಎಂಬ ಪಟ್ಟಿ ಮ್ಯಾನುಯಲ್‌ನಲ್ಲಿ ಇರುತ್ತದೆ. ಡಬ್ಬಿ ಎಸೆಯುವಾಗ ಅದನ್ನೂ ಎಸೆದಿರುತ್ತೀರಿ, ಅಲ್ವಾ?

ಹಿಂದೆಯೂ ಇದೇ ಕಥೆ. ಮೌಸ್ ಕಾಮ್ 1 ಎಂಬ ಸೀರಿಯಲ್ ಪೋರ್ಟಿನಲ್ಲಿ, ಫೋನ್ ಲೈನಿನ ಇಂಟರ್ನೆಟ್ ಮೋಡೆಮ್ ಕಾಮ್ 3ರಲ್ಲಿ. ಎರಡಕ್ಕೂ ಸಿಪಿಯುವನ್ನು ಕರೆಯುವ ಗಂಟೆ ಒಂದೇ, ಐಆರ್‌ಕ್ಯೂ 4. ಮೌಸ್ ಅಲ್ಲಾಡಿಸಿದರೆ ಇಂಟರ್ನೆಟ್ ಕಡಿಯುತ್ತಿತ್ತು. ಆಗ ಜಗಳ ಕಣ್ಣಿಗೆ ಕಾಣುತ್ತಿತ್ತು, ಈಗ ಕಾಣುವುದಿಲ್ಲ, ಅಷ್ಟೇ.

ಈಗ ಹೀಗೆ ಮಾಡಿ. ಕರೆಂಟ್ ತೆಗೆಯಿರಿ, ಪ್ಲಗ್ಗನ್ನೇ ಕೀಳಿ. ಕೇಬಲನ್ನು ಸಾಟಾ 1ಕ್ಕೆ ಹಾಕಿ. ಮೊದಲು ಬಯಾಸ್‌ನಲ್ಲಿ ಹೆಸರು ಬಂತಾ ನೋಡಿ. ವಿಂಡೋಸ್ ಒಳಗೆ ಹೋದ ಮೇಲೆ ‘ಇನಿಷಿಯಲೈಸ್’ ಅಥವಾ ‘ಫಾರ್ಮ್ಯಾಟ್’ ಎಂದು ಕೇಳಿದರೆ ಕ್ಯಾನ್ಸಲ್. ಇದೊಂದು ಮರೆಯಬೇಡಿ. ಕಂಡ ಕೂಡಲೇ ಲೆಕ್ಕವನ್ನು ಬೇರೆ ಕಡೆ ಕಾಪಿ ಮಾಡಿ, ಊಟ ಆಮೇಲೆ. ಟಕ್ ಟಕ್ ಸದ್ದು ಬಂದರೆ ಮಾತ್ರ ಆಫ್ ಮಾಡಿ ನನಗೆ ತಂದುಕೊಡಿ.

ಹೊನ್ನಾವರ: ಸರ್ ಹೊಸ ಬೋರ್ಡ್ ಡಿಸ್ಪ್ಲೇ ಬರ್ತಿಲ್ಲ, 5600

ರಿಪೇರಿ ಅಣ್ಣ: ಕುಮಟಾದವರಿಗೆ ಹೇಳಿದ್ದೇ.

ಶಿರಸಿ: ಅಣ್ಣ, ರ‍್ಯಾಮ್ ಕಾಲನ್ನು ಪಾಲಿಶ್ ಪೇಪರಿನಲ್ಲಿ ಉಜ್ಜಿ, ಒಂದು ತೊಟ್ಟು ತೆಂಗಿನೆಣ್ಣೆ ಸವರಿದರೆ ಡಿಸ್ಪ್ಲೇ ಬರುತ್ತದಂತೆ. ಮೂರು ಗ್ರೂಪಿನಲ್ಲಿ ಬಂದಿದೆ.

ರಿಪೇರಿ ಅಣ್ಣ: ಮೂವತ್ತು ಗ್ರೂಪಿನಲ್ಲಿ ಬಂದರೂ ಅದು ತಪ್ಪೇ. ಆ ಕಾಲಿನ ಮೇಲಿರುವುದು ಚಿನ್ನದ ತೆಳು ಲೇಪ. ಉಜ್ಜಿದರೆ ಹೋಯಿತು. ಆಮೇಲೆ ನಮ್ಮ ಉಪ್ಪು ಗಾಳಿ ಉಳಿದದ್ದನ್ನು ತಿನ್ನುತ್ತದೆ. ಎಣ್ಣೆ ತಲೆಗೆ ಹಚ್ಚಿ. ಎರಡು ರ‍್ಯಾಮ್ ಇದ್ದರೆ, ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಸಿಪಿಯು ಕಡೆಯಿಂದ ಎಣಿಸಿ 2 ಮತ್ತು 4ಕ್ಕೆ ಹಾಕಿ.

ಅಂಕೋಲಾ: ಬೋರ್ಡ್ ಬದಲಿಸಿದ ಮೇಲೆ ಕೀಬೋರ್ಡ್ ಆಗಾಗ ಕಟ್ ಆಗುತ್ತದೆ. ಕ್ಯಾಬಿನೆಟ್ ಮುಟ್ಟಿದರೆ ಜುಂ ಎನ್ನುತ್ತದೆ. ಬೋರ್ಡ್ ಲೀಕಾ?

ರಿಪೇರಿ ಅಣ್ಣ: ಅರ್ಥಿಂಗ್ ಇಲ್ಲ ಅನಿಸುತ್ತದೆ. ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಡಬ್ಬಿ) ಒಳಗಿನ ಫಿಲ್ಟರ್ ಕೆಪಾಸಿಟರ್‌ನಿಂದ, ಅರ್ಥ್ ಸಿಗದಿದ್ದರೆ, ಕ್ಯಾಬಿನೆಟ್ ಮೇಲೆ ಮನೆ ಕರೆಂಟಿನ ಸುಮಾರು ಅರ್ಧ ವೋಲ್ಟೇಜ್ ಕೂರುತ್ತದೆ. ಆದರೆ ಒಳಗೆ ಬೇರೆ ಲೀಕೂ ಇರಬಹುದು. ಈಗಲೇ ಪ್ಲಗ್ ತೆಗೆಯಿರಿ. ಮೂರು ಪಿನ್ನಿಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಿದ್ದೀರಾ?

ಅಂಕೋಲಾ: ಹೌದು.

ಭಟ್ಕಳ: ಸುಮ್ನೆ ಯಾಕೆ ಖರ್ಚು? ಸಾಕೆಟ್ಟಿನೊಳಗೆ ನ್ಯೂಟ್ರಲಿಗೂ ಅರ್ಥಿಗೂ ಒಂದು ತುಂಡು ವೈರ್ ಲೂಪ್ ಹಾಕಿ. ನಮ್ಮ ಮನೆಯಲ್ಲಿ ಐದು ವರ್ಷವಾಯಿತು.

ಸಿದ್ದಾಪುರ: ಭಾವ, ಅದು ಜೀವ ತೆಗೆಯುವ ಕೆಲಸ. ಇದ್ದಿಲು, ಉಪ್ಪು ಹಾಕಿ ಗುಂಡಿ ತೋಡಿಸಿ.

ಭಟ್ಕಳ: ಚಿರೆಕಲ್ಲಿನಲ್ಲಿ ಗುಂಡಿ ತೋಡಿ ನೋಡಿದ್ದೀರಾ? ಬೇಸಿಗೆಯಲ್ಲಿ ಒಣಗಿ ಅರ್ಥೇ ಸಿಗುವುದಿಲ್ಲ.

ಸಿದ್ದಾಪುರ: ಅದಕ್ಕೇ ನೀರು ಹಾಕುವುದು ಮಾರಾಯ್ರೆ.

ಭಟ್ಕಳ: ಕುಡಿಯಲು ನೀರಿಲ್ಲ, ಗುಂಡಿಗೆ ಹಾಕಬೇಕಂತೆ. ಘಟ್ಟದ ಮೇಲೆ ಕೂತು ಹೇಳುವುದು ಸುಲಭ.

ರಿಪೇರಿ ಅಣ್ಣ: ಲೂಪಿನ ಮೆಸೇಜ್ ಡಿಲೀಟ್ ಮಾಡಿ. ಮನೆಗೆ ಬರುವ ನ್ಯೂಟ್ರಲ್ ಕಡಿದರೆ ಕ್ಯಾಬಿನೆಟ್ಟಿಗೆ ಪೂರ್ತಿ 230 ವೋಲ್ಟ್ ಬರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿಯದ ವಾರ ಇದೆಯಾ? ಅಂಕೋಲಾದವರೇ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ, ಅರ್ಥ್ ಅಳೆಸಿ. ಅಲ್ಲಿಯವರೆಗೆ ಕಂಪ್ಯೂಟರ್ ಹಚ್ಚಬೇಡಿ.

ಭಟ್ಕಳ: ಐದು ವರ್ಷದಲ್ಲಿ ಏನೂ ಆಗಿಲ್ಲ. ನೀವು ಕಂಪ್ಯೂಟರ್ ಮಾತ್ರ ಹೇಳಿ.

ರಿಪೇರಿ ಅಣ್ಣ: ಆಗಿದ್ದರೆ ನೀವು ಇಲ್ಲಿ ಬರೆಯುತ್ತಿರಲಿಲ್ಲ.

ಅಡ್ಮಿನ್: ಲೂಪ್ ಮೆಸೇಜ್ ನಾನೇ ತೆಗೆದಿದ್ದೇನೆ.

ಹೊನ್ನಾವರ: ಸರ್ ಕುಮಟಾದವರಿಗೆ ಏನು ಹೇಳಿದ್ದು?

ರಿಪೇರಿ ಅಣ್ಣ: ಬೆರಳಿನಿಂದ ಮೇಲೆ ತಳ್ಳಿ, ಸಿಗುತ್ತದೆ.

ಯಲ್ಲಾಪುರ: ಸರ್, 5ರಲ್ಲೇ ಇತ್ತು. 1ಕ್ಕೆ ಹಾಕಿದೆ, ಬಂತು. ಕಾಪಿ ಆಗುತ್ತಿದೆ, ಇನ್ನೂ 40 ನಿಮಿಷ ಎನ್ನುತ್ತಿದೆ.

ರಿಪೇರಿ ಅಣ್ಣ: ಮುಗಿಯುವವರೆಗೆ ಮುಟ್ಟಬೇಡಿ. ಆರು ಗಂಟೆಯಾಯಿತು, ನಾನು ಅಂಗಡಿ ಮುಚ್ಚುತ್ತೇನೆ.

ಗೋಕರ್ಣ: ಅಣ್ಣ, ನನ್ನ ಪ್ರಿಂಟರ್?