ಸ್ಟ್ರೈಕರ್ ಗೋಲ್ ಹೊಡೆಯುತ್ತಿಲ್ಲ ಅಂದ್ರೆ ಕಳಿಸಿಬಿಡೋದಾ? ಕಂಠೀರವದ ಹಳಬರು ಸ್ವಲ್ಪ ಹೇಳಿ

ನಾಗರಭಾವಿ ಹೊಸಬ:
ನಾನು ಬೆಂಗಳೂರು ಎಫ್‌ಸಿ ಮ್ಯಾಚ್ ನೋಡೋಕೆ ಈಗೀಗ ಶುರು ಮಾಡಿದವನು. ಅದಕ್ಕೂ ಮುಂಚೆ ಬರೀ ಕ್ರಿಕೆಟ್. ನಮ್ಮ ಗುಂಪಿನಲ್ಲಿ ಮ್ಯಾಚ್ ಮುಗಿದ ಮೇಲೆ ಪ್ರತಿ ಸಲ ಒಂದೇ ಜಗಳ. ಸ್ಟ್ರೈಕರ್ ದಂಡ, ಕಳಿಸಿಬಿಡಿ ಅಂತ ಒಬ್ಬ. ಅವನ ಕಾಲಿಗೆ ಬಾಲೇ ಬರಲ್ಲ, ಅವನೇನು ಮಾಡ್ತಾನೆ ಅಂತ ಇನ್ನೊಬ್ಬ. ಕ್ರಿಕೆಟ್ ಆದರೆ ಸ್ಕೋರ್‌ಕಾರ್ಡ್ ನೋಡಿದರೆ ಅರ್ಧ ಕಥೆ ಗೊತ್ತಾಗುತ್ತದೆ. ಇಲ್ಲಿ ಏನು ನೋಡಬೇಕು? ಒಬ್ಬ ಸ್ಟ್ರೈಕರ್ ಕೊಟ್ಟ ದುಡ್ಡಿಗೆ ಸರಿಯಾಗಿ ಆಡ್ತಿದ್ದಾನಾ ಇಲ್ವಾ ಅಂತ ನೀವೆಲ್ಲ ಹೇಗೆ ತೀರ್ಮಾನ ಮಾಡುತ್ತೀರಿ? ಹಳೇ ಸೀಸನ್ ನೋಡಿದವರು ನಿಮ್ಮ ಅನುಭವ ಹೇಳಿ.

ವೆಸ್ಟ್ ಬ್ಲಾಕ್ ಹಳಬ:
ಗೋಲ್ ಲೆಕ್ಕ ನೋಡು ಗುರು, ಬೇಡ ಅನ್ನಲ್ಲ. ಆದರೆ ಒಳ್ಳೇ ಸ್ಟ್ರೈಕರ್ ಬೆಲೆ ಗೊತ್ತಾಗೋದು ಅವನು ಬಿಟ್ಟು ಹೋದ ಮೇಲೆ. ನನ್ನ ಮಟ್ಟಿಗೆ ಮಿಕುಗಿಂತ ಒಳ್ಳೇ ಉದಾಹರಣೆ ಇಲ್ಲ. 2017-18ರಲ್ಲಿ ನಾವು ಐಎಸ್‌ಎಲ್‌ಗೆ, ಅಂದ್ರೆ ಇಂಡಿಯನ್ ಸೂಪರ್ ಲೀಗ್‌ಗೆ, ಬಂದೆವು. ವೆನೆಜುವೆಲಾದ ಮಿಕು ಆ ವರ್ಷ 15 ಗೋಲ್ ಹೊಡೆದರು, ಸುನಿಲ್ ಛೆಟ್ರಿ 14. ಲೀಗ್‌ನ 18 ಪಂದ್ಯಕ್ಕೆ ತಂಡದ್ದು 35 ಗೋಲ್, ಟೇಬಲ್‌ನಲ್ಲಿ ನಾವೇ ಮೇಲೆ. ಫೈನಲ್‌ನಲ್ಲಿ ಕಂಠೀರವದಲ್ಲೇ ಚೆನ್ನೈಯಿನ್ ಎದುರು 3-2 ಸೋತೆವು ನಿಜ, ಆದರೆ ಅವತ್ತೂ ನಮ್ಮ ಎರಡು ಗೋಲ್ ಇವರಿಬ್ಬರದ್ದೇ. ಕಾರ್ನರ್‌ನಲ್ಲಿ ಅವರ ಡಿಫೆಂಡರ್ ಮೈಲ್ಸನ್ ಆಲ್ವೆಸ್‌ನನ್ನು ಎರಡೆರಡು ಸಲ ಸುಮ್ನೆ ಬಿಟ್ಟಿದ್ದಕ್ಕೆ ಸ್ಟ್ರೈಕರ್ ಏನು ಮಾಡ್ತಾರೆ ಹೇಳು.

ಮಿಕು ಗೋಲಿಗೆ ಬೆನ್ನು ಹಾಕಿ ನಿಂತು ಬಾಲ್ ಹಿಡಿಯುತ್ತಿದ್ದರು. ಹಿಂದೆ ಸ್ಟಾಪರ್, ಅಂದ್ರೆ ಎದುರಾಳಿಯ ನಡು ಡಿಫೆಂಡರ್, ತಳ್ಳುತ್ತಿರುತ್ತಾನೆ, ಇವರು ಅಲ್ಲಾಡಲ್ಲ. ಅಷ್ಟರಲ್ಲಿ ಒಂದು ಕಡೆಯಿಂದ ಛೆಟ್ರಿ, ಇನ್ನೊಂದು ಕಡೆಯಿಂದ ಉದಾಂತ ಓಡಿ ಬರುತ್ತಿದ್ದರು. ಆ ಕೆಲಸ ಯಾವ ಸ್ಕೋರ್‌ಕಾರ್ಡ್‌ನಲ್ಲೂ ಇರಲ್ಲ. 2019ರಲ್ಲಿ ಅವರು ಹೋದರು. 2019-20ರಲ್ಲಿ ಅದೇ 18 ಪಂದ್ಯಕ್ಕೆ ನಮ್ಮದು 22 ಗೋಲ್, ಅದರಲ್ಲಿ 9 ಛೆಟ್ರಿಯದ್ದೇ. ಗೋವಾ ಆ ವರ್ಷ 46 ಹೊಡೆದಿತ್ತು! ನಾವು ಮೂರನೇ ಸ್ಥಾನಕ್ಕೆ ಬಂದಿದ್ದು ಪೂರ್ತಿ ಡಿಫೆನ್ಸ್ ಪುಣ್ಯ. ಸೀಸನ್ ಮಧ್ಯೆ ಸ್ಟ್ರೈಕರ್ ಡೆಶಾರ್ನ್ ಬ್ರೌನ್ ಬಂದರೂ ಆ ಜಾಗ ಪೂರ್ತಿ ತುಂಬಲಿಲ್ಲ.

ಲೆಕ್ಕದ ಮೇಷ್ಟ್ರು:
ಮಿಕು ಬಗ್ಗೆ ಒಪ್ಪುತ್ತೇನೆ, ಆದರೆ ಸ್ವಲ್ಪ ಜಾಸ್ತಿ ಆಯ್ತು ಸಾರ್. 2018-19ರಲ್ಲಿ ಮಿಕು ಗಾಯ ಆಗಿ ಎಷ್ಟೋ ಮ್ಯಾಚ್ ಹೊರಗೇ ಇದ್ದರು. ಕಪ್ ಗೆದ್ದಿದ್ದು ಅದೇ ವರ್ಷ, ಅಲ್ವಾ? ಮುಂಬೈನಲ್ಲಿ ನಡೆದ ಫೈನಲ್‌ನಲ್ಲಿ ಗೋವಾ ಮೇಲೆ ಎಕ್ಸ್‌ಟ್ರಾ ಟೈಮ್‌ನಲ್ಲಿ ಬಿದ್ದ ಒಂದೇ ಒಂದು ಗೋಲ್ ಡಿಫೆಂಡರ್ ರಾಹುಲ್ ಭೇಕೆಯದ್ದು, ಅದೂ ಕಾರ್ನರ್‌ಗೆ ತಲೆ ಕೊಟ್ಟು.

ಇನ್ನು ನಮ್ಮ ಹಳೇ ಸ್ಟ್ರೈಕರ್ ಕ್ಲೇಟನ್ ಸಿಲ್ವಾ. 2022ರಲ್ಲಿ ನಮ್ಮನ್ನು ಬಿಟ್ಟು ಈಸ್ಟ್ ಬೆಂಗಾಲ್‌ಗೆ ಹೋದರು. ಮುಂದಿನ ಸೀಸನ್‌ನಲ್ಲಿ 12 ಗೋಲ್, ಐಎಸ್‌ಎಲ್‌ನಲ್ಲೇ ಜಂಟಿಯಾಗಿ ಅತಿ ಹೆಚ್ಚು. ಕಂಠೀರವಕ್ಕೇ ಬಂದು ನಮ್ಮ ಮೇಲೇ ಹೊಡೆದು 1-0 ಗೆದ್ದು ಹೋದರು. ಅವತ್ತು ಎಲ್ಲರೂ ಮ್ಯಾನೇಜ್‌ಮೆಂಟ್‌ಗೆ ಬೈದಿದ್ದೇ ಬೈದಿದ್ದು. ಸೀಸನ್ ಕೊನೆಗೆ ನೋಡಿದರೆ ಈಸ್ಟ್ ಬೆಂಗಾಲ್ 11 ತಂಡಗಳಲ್ಲಿ 9ನೇ ಸ್ಥಾನ, ನಾವು ಫೈನಲ್. 12 ಗೋಲ್ ಹೊಡೆದ ಸ್ಟ್ರೈಕರ್ ಇದ್ದೂ ತಂಡ ಕೆಳಗಿತ್ತು. ಬರೀ ಗೋಲ್ ಎಣಿಸಿ ಬೆಲೆ ಕಟ್ಟುವವರು ಇದಕ್ಕೇನು ಹೇಳುತ್ತಾರೋ.

ನಾವು ಫೈನಲ್‌ಗೆ ಹೋಗಿದ್ದು ಹೇಗೆ ಅನ್ನೋದೂ ನೋಡಬೇಕು. ಮೊದಲರ್ಧ ಸೋಲಿನ ಮೇಲೆ ಸೋಲು, ನಮ್ಮ ಸ್ಟ್ರೈಕರ್ ರಾಯ್ ಕೃಷ್ಣ ಮುಗಿದು ಹೋದ ಆಟಗಾರ ಅಂತ ಮಾತು. ಆಮೇಲೆ ಕೋಚ್ ಗ್ರೇಸನ್, ಕೃಷ್ಣ ಪಕ್ಕಕ್ಕೆ ಯುವ ಸ್ಟ್ರೈಕರ್ ಶಿವಶಕ್ತಿಯನ್ನು ಹಾಕಿದರು, ಛೆಟ್ರಿಯನ್ನು ಬೆಂಚ್‌ನಿಂದ ತಂದರು. ಲೀಗ್‌ನ ಕೊನೆಯ ಎಂಟು ಮ್ಯಾಚ್ ಸತತ ಗೆಲುವು. ಹೊಸ ಸ್ಟ್ರೈಕರ್ ಕೊಂಡುಕೊಂಡು ಗೆದ್ದಿದ್ದಲ್ಲ ಅದು. ಇದ್ದವರನ್ನೇ ಬೇರೆ ಥರ ಜೋಡಿಸಿದ್ದು.

ಬೋಳಾರದವ, ಮಂಗಳೂರು:
ನಾನು ನೆಹರೂ ಮೈದಾನದಲ್ಲಿ ಸ್ಟಾಪರ್ ಬ್ಯಾಕ್ ಆಡುತ್ತಿದ್ದವನು ಮಾರಾಯ್ರೆ, ಹಾಗಾಗಿ ಎದುರಾಳಿ ಕಡೆಯಿಂದ ಹೇಳುತ್ತೇನೆ. ಸಿಕ್ಕ ಸಿಕ್ಕಲ್ಲಿಂದ ಹೊಡೆಯುವ ಸ್ಟ್ರೈಕರ್ ಎದುರು ಆಡೋದು ಬಹಳ ಸುಲಭ. ಅವನ ಎದುರು ಹೋಗಿ ನಿಂತರೆ ಸಾಕು. ಕಷ್ಟ ಕೊಡುವವನು ನಿಮ್ಮ ಹೆಗಲ ಹಿಂದೆ ನಿಲ್ಲುವವನು. ರೆಕ್ಕೆ ಕಡೆಯಿಂದ, ಅಂದರೆ ಮೈದಾನದ ಅಂಚಿನಿಂದ, ಗೋಲ್ ಮುಂದಕ್ಕೆ ಕ್ರಾಸ್ ಬರುವಾಗ ನೀವು ಬಾಲ್ ನೋಡಬೇಕು, ಅವನನ್ನೂ ನೋಡಬೇಕು. ಎರಡೂ ಒಟ್ಟಿಗೆ ಕಾಣುವುದಿಲ್ಲ. ಕುತ್ತಿಗೆ ತಿರುಗಿಸಿದ ಆ ಅರ್ಧ ಸೆಕೆಂಡಿನಲ್ಲಿ ಅವನು ನಿಮ್ಮ ಮುಂದೆ ಬಂದಾಯಿತು. ಗೋಲ್ ಆಗದಿದ್ದರೂ ಸರಿ, ಇಂಥವನೊಬ್ಬ ಇದ್ದರೆ 70 ನಿಮಿಷ ಆಗುವಾಗ ನಿಮಗೆ ಮಂಡೆ ಬಿಸಿ.

2025ರ ಸೆಮಿಫೈನಲ್ ನೋಡಿದ್ದೀರಲ್ಲ, ಫತೋರ್ಡಾದಲ್ಲಿ? ಮೊದಲ ಲೆಗ್‌ನಲ್ಲಿ ಬೆಂಗಳೂರು 2-0. ಫತೋರ್ಡಾದ ಎರಡನೇ ಲೆಗ್‌ನಲ್ಲಿ ಗೋವಾ ಎರಡು ಹೊಡೆದು ಒಟ್ಟು ಲೆಕ್ಕ ಸಮ ಮಾಡಿತು. ಬೆಂಚ್‌ನಿಂದ ಬಂದ ಛೆಟ್ರಿ ಇಂಜುರಿ ಟೈಮ್‌ನಲ್ಲಿ ನಾಮ್‌ಗ್ಯಾಲ್ ಭುಟಿಯಾ ಕ್ರಾಸ್‌ಗೆ ತಲೆ ಕೊಟ್ಟು ಗೋಲ್ ಹೊಡೆದರು. ಆಗ ವಯಸ್ಸು 40. ಎತ್ತರ ಇಲ್ಲ, ಹಳೇ ಓಟವೂ ಇಲ್ಲ. ಎಲ್ಲಿ ನಿಲ್ಲಬೇಕು ಅಂತ ಗೊತ್ತಿತ್ತು, ಅಷ್ಟೇ. ಮತ್ತೆ ಮತ್ತೆ ಹಾಕಿ ನೋಡಿ, ಬಾಲ್ ಬಿಟ್ಟು ಅವರನ್ನು ಮಾತ್ರ ನೋಡಿ.

ನಾಗರಭಾವಿ ಹೊಸಬ:
ಅಣ್ಣ, ಟಿವಿಯಲ್ಲಿ ಅದು ಕಾಣೋದೇ ಇಲ್ಲವಲ್ಲ? ಕ್ಯಾಮೆರಾ ಬಾಲ್ ಹಿಂದೆನೇ ಓಡುತ್ತೆ.

ವೆಸ್ಟ್ ಬ್ಲಾಕ್ ಹಳಬ:
ಅದಕ್ಕೇ ಸ್ಟೇಡಿಯಂಗೆ ಬಾ ಅನ್ನೋದು. ಆದರೆ ನಮ್ಮ ಜೊತೆ ಗೋಲ್ ಹಿಂದೆ ನಿಂತರೆ ಕೂಗೋಕೆ ಮಜಾ, ಆಟ ಕಲಿಯೋಕೆ ಅಲ್ಲ. ಕಂಠೀರವದಲ್ಲಿ ಸುತ್ತ ಅಥ್ಲೆಟಿಕ್ಸ್ ಟ್ರ್ಯಾಕ್ ಬೇರೆ ಇದೆ, ಮೈದಾನ ದೂರ, ಆ ಕಡೆ ಯಾರು ಮುಂದೆ ಯಾರು ಹಿಂದೆ ಅಂತ ಗೊತ್ತೇ ಆಗಲ್ಲ. ಒಂದು ದಿನ ಪಕ್ಕದ ಸ್ಟ್ಯಾಂಡ್‌ನಲ್ಲಿ ಮೇಲೆ ಕೂತುಕೋ. ಹತ್ತು ನಿಮಿಷ ಬಾಲ್ ಮರೆತುಬಿಡು. ಸ್ಟ್ರೈಕರ್ ಇಬ್ಬರು ಸ್ಟಾಪರ್‌ಗಳ ಮಧ್ಯೆ ನಿಂತಿದ್ದಾನಾ, ಒಬ್ಬನಿಗೆ ಅಂಟಿಕೊಂಡಿದ್ದಾನಾ, ಅವನು ಕೆಳಗೆ ಇಳಿದಾಗ ಸ್ಟಾಪರ್ ಹಿಂದೆನೇ ಬರ್ತಾನಾ, ಬಂದರೆ ಆ ಖಾಲಿ ಜಾಗಕ್ಕೆ ನಮ್ಮವರು ಯಾರಾದರೂ ನುಗ್ಗುತ್ತಾರಾ ನೋಡು. ಯಾರೂ ನುಗ್ಗದಿದ್ದರೆ ತಪ್ಪು ಸ್ಟ್ರೈಕರ್‌ದಲ್ಲ. ಬಡಿಸುವವರೇ ಇಲ್ಲದಾಗ ಎಲೆ ಮುಂದೆ ಕೂತವನಿಗೆ ಬೈದು ಏನು ಪ್ರಯೋಜನ?

ಲಂಡನ್ ಕನ್ನಡಿಗ:
ಇಲ್ಲೂ ಇದೇ ಗಲಾಟೆ, ಪಬ್‌ನಲ್ಲಿ ಕೂತರೆ ಬೇರೆ ಮಾತೇ ಇಲ್ಲ. 2019-20ರಲ್ಲಿ ಲಿವರ್‌ಪೂಲ್ ಲೀಗ್ ಗೆದ್ದಿತಲ್ಲ, ಅವರ ಸ್ಟ್ರೈಕರ್ ಫಿರ್ಮಿನೊ ಲೀಗ್‌ನಲ್ಲಿ ಹೊಡೆದದ್ದು 9 ಗೋಲ್. ತವರಿನ ಆನ್‌ಫೀಲ್ಡ್‌ನಲ್ಲಿ ಒಂದೇ ಒಂದು, ಅದೂ ಅಲ್ಲಿ ಆಡಿದ ಕೊನೆಯ ಲೀಗ್ ಮ್ಯಾಚ್‌ನಲ್ಲಿ. ಆದರೂ ಕೋಚ್ ಕ್ಲಾಪ್ ಫಿರ್ಮಿನೊರನ್ನು ಬಿಡಲಿಲ್ಲ. 2018ರ ವಿಶ್ವಕಪ್‌ನಲ್ಲಿ ಫ್ರಾನ್ಸ್‌ನ ಸ್ಟ್ರೈಕರ್ ಜಿರೂ ಕಥೆ ಇನ್ನೂ ವಿಚಿತ್ರ. ಇಡೀ ಟೂರ್ನಿಯಲ್ಲಿ ಗುರಿ ಮೇಲೆ ಒಂದು ಹೊಡೆತವೂ ಇಲ್ಲ, ತಂಡ ಚಾಂಪಿಯನ್.

ಗೌತಮಪುರದ ತಾತ:
ಮಕ್ಕಳಾ, ಅದೆಲ್ಲ ಸರಿ. ನಮ್ಮ ಬೀದಿಯಲ್ಲಿ ಪೆಲೆ ಮೂರ್ತಿ ನಿಲ್ಲಿಸಿದ್ದೇವೆ, ಗೋಲ್ ಹೊಡೆಯದ ಸ್ಟ್ರೈಕರ್‌ಗೆ ಯಾರೂ ಮೂರ್ತಿ ನಿಲ್ಲಿಸಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ಎದುರು ಬರಿಗಾಲಲ್ಲಿ ಎಷ್ಟು ಚೆನ್ನಾಗಿ ಆಡಿತು ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಬೆಂಗಳೂರಿನ ರಾಮನ್ ಒಂದು ಗೋಲ್ ಹೊಡೆದರು. ಆದರೆ ಎರಡು ಪೆನಾಲ್ಟಿ ಹಾಳಾಯಿತು, 2-1 ಸೋತೆವು. ಚೆನ್ನಾಗಿ ಆಡೋದು ಬೇರೆ, ಬಾಲ್ ಬಲೆಗೆ ಹೋಗೋದು ಬೇರೆ.

ನನಗೆ ಬೇಜಾರು ಇನ್ನೊಂದು. 2024ರ ಜೂನ್‌ನಲ್ಲಿ ಛೆಟ್ರಿ ದೇಶದ ತಂಡಕ್ಕೆ ವಿದಾಯ ಹೇಳಿದರು. 2025ರ ಮಾರ್ಚ್‌ನಲ್ಲಿ ವಾಪಸ್ ಕರೆದರು! ಮಾಲ್ಡೀವ್ಸ್ ಮೇಲೆ ಗೋಲ್ ಹೊಡೆದೂ ಬಿಟ್ಟರು. ಬಾಂಗ್ಲಾದೇಶದ ಎದುರು 0-0. ಇಷ್ಟು ದೊಡ್ಡ ದೇಶಕ್ಕೆ ಇನ್ನೊಬ್ಬ ಸಿಗಲಿಲ್ಲವಾ?

ಲೆಕ್ಕದ ಮೇಷ್ಟ್ರು:
ತಾತ, ಹೇಗೆ ಸಿಗುತ್ತಾರೆ? ಬಹುತೇಕ ಕ್ಲಬ್‌ಗಳಲ್ಲಿ ಮುಂದೆ ಆಡುವುದು ವಿದೇಶಿಯರೇ, ನಮ್ಮ ಹುಡುಗರು ರೆಕ್ಕೆಗೋ ಬೆಂಚ್‌ಗೋ ಹೋಗುತ್ತಾರೆ. ಬೆಲೆ ವಿಷಯಕ್ಕೆ ಬಂದರೆ ನಾನು ನೋಡುವುದು ಇದನ್ನೇ. 2021-22ರಿಂದ ಐಎಸ್‌ಎಲ್‌ನಲ್ಲಿ ಒಮ್ಮೆಗೆ ಮೈದಾನದಲ್ಲಿ ನಾಲ್ಕೇ ವಿದೇಶಿಯರು, ಮೊದಲು ಐವರಿದ್ದರು. ಅಂದರೆ ವಿದೇಶಿ ಸ್ಟ್ರೈಕರ್ ತಂದರೆ ಸಂಬಳದ ಜೊತೆಗೆ ನಾಲ್ಕರಲ್ಲಿ ಒಂದು ಜಾಗವನ್ನೂ ಕೊಟ್ಟ ಹಾಗೆ. ಆ ಜಾಗದಲ್ಲಿ ಒಬ್ಬ ಒಳ್ಳೇ ಸ್ಟಾಪರ್ ಅಥವಾ ಮಿಡ್‌ಫೀಲ್ಡರ್ ಬರಬಹುದಿತ್ತು. 2024-25ರಲ್ಲಿ ಛೆಟ್ರಿ 14 ಗೋಲ್ ಹೊಡೆದರು, ಭಾರತೀಯರಲ್ಲಿ ಅವರೇ ಮೊದಲು. ಪೆನಾಲ್ಟಿಗಳೂ ಇದ್ದವು, ಇರಲಿ. ಡಿಸೆಂಬರ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಮೇಲೆ ಹ್ಯಾಟ್ರಿಕ್, 4-2. ನಾರ್ತ್‌ಈಸ್ಟ್‌ನ ವಿದೇಶಿ ಸ್ಟ್ರೈಕರ್ ಅಜಾರೈ 23 ಹೊಡೆದರು ನಿಜ, ಆದರೆ ಛೆಟ್ರಿಯ 14ಕ್ಕೆ ವಿದೇಶಿ ಜಾಗ ಖರ್ಚಾಗಿಲ್ಲ. ಗೋಲ್ ಹೊಡೆಯುವ ಭಾರತೀಯ ಸ್ಟ್ರೈಕರ್ ಸಿಕ್ಕರೆ ಎಷ್ಟು ಕೊಟ್ಟರೂ ಕಮ್ಮಿ ಅನ್ನೋದು ಅದಕ್ಕೇ. ಹೊರಗಿನಿಂದ ಬಂದವನು ವರ್ಷಕ್ಕೆ ಐದಾರು ಹೊಡೆದರೆ ಸಾಲದು, ಪಕ್ಕದವರಿಂದಲೂ ಹೊಡೆಸಬೇಕು.

ನಾಗರಭಾವಿ ಹೊಸಬ:
ಎಲ್ಲರಿಗೂ ಥ್ಯಾಂಕ್ಸ್. ಗೆಳೆಯನಿಗೆ ಇದನ್ನೆಲ್ಲ ತೋರಿಸಿದೆ. ಓದಿ, "ಜಿರೂ ಪಕ್ಕದಲ್ಲಿ ಎಂಬಾಪೆ ಇದ್ದ, ಫಿರ್ಮಿನೊ ಆಚೀಚೆ ಸಲಾ, ಮಾನೆ ಇದ್ದರು. ನಮ್ಮವನ ಪಕ್ಕ ಯಾರಿದ್ದಾರೆ?" ಅಂತ ಕೇಳಿದ.

ವೆಸ್ಟ್ ಬ್ಲಾಕ್ ಹಳಬ:
ನಿನ್ನ ಗೆಳೆಯನಿಗೆ ಆಟ ಅರ್ಥ ಆಗ್ತಿದೆ, ಸುಮ್ನೆ ಜಗಳ ಆಡಬೇಡ. ಮುಂದಿನ ಮ್ಯಾಚ್‌ಗೆ ಅವನನ್ನೂ ಕರ್ಕೊಂಡು ಬಾ. ಅವನು ರೆಕ್ಕೆಯವರನ್ನು ನೋಡಲಿ, ನೀನು ಸ್ಟ್ರೈಕರ್ ನೋಡು. ಯಾರನ್ನು ಕಳಿಸಬೇಕು ಅಂತ ಮ್ಯಾಚ್ ಮುಗಿದ ಮೇಲೆ ಇಬ್ಬರೂ ಹೇಳಿ.