ಬೇಸಿಗೆ ರಜೆಯ ಸ್ಪ್ಯಾನಿಷ್ ಕಲಿಕೆಗೆ ಸಲಮಾಂಕಾ ಒಳ್ಳೆಯದೋ, ಆಂಟಿಗ್ವಾ ಒಳ್ಳೆಯದೋ?

ಪ್ರಶ್ನೆ ಕೇಳಿದವರು: ಎರಡನೇ_ವರ್ಷ

ನಾನು ಪದವಿ ಎರಡನೇ ವರ್ಷದ ವಿದ್ಯಾರ್ಥಿನಿ. ಐಚ್ಛಿಕ ಭಾಷೆಯಾಗಿ ಸ್ಪ್ಯಾನಿಷ್ ಓದುತ್ತಿದ್ದೇನೆ. ಓದಿದ್ದು ಅರ್ಥವಾಗುತ್ತದೆ, ಸಣ್ಣ ಪ್ರಬಂಧಗಳನ್ನು ಹೆಚ್ಚು ತಪ್ಪಿಲ್ಲದೆ ಬರೆಯುತ್ತೇನೆ, ಆದರೆ ಎದುರಿಗೆ ಯಾರಾದರೂ ನಿಂತು ಮಾತನಾಡಿಸಿದರೆ ಕ್ರಿಯಾಪದದ ಸರಿಯಾದ ರೂಪವನ್ನು ಹುಡುಕುವಷ್ಟರಲ್ಲಿ ಮಾತು ಮುಂದಕ್ಕೆ ಹೋಗಿಬಿಟ್ಟಿರುತ್ತದೆ. ಭಾಷಾ ಸಾಮರ್ಥ್ಯವನ್ನು ಎ1ರಿಂದ ಸಿ2ರವರೆಗೆ ಅಳೆಯುವ ಯುರೋಪಿನ ಮಾಪಕದಲ್ಲಿ ನನ್ನ ಮಟ್ಟ ಎ2 ಎಂದು ಅಧ್ಯಾಪಕರ ಅಂದಾಜು.

ಜೂನ್ ಕೊನೆಯಿಂದ ಆರು ವಾರಗಳ ಕಾಲ ಸ್ಪ್ಯಾನಿಷ್ ಮಾತನಾಡುವ ದೇಶವೊಂದರಲ್ಲಿದ್ದು ಕಲಿಯಬೇಕೆಂದಿದ್ದೇನೆ. ನನ್ನ ಮುಂದೆ ಎರಡು ದಾರಿಗಳಿವೆ. ಮೊದಲನೆಯದು, ಕಾಲೇಜಿನ ಗುಂಪಿನೊಂದಿಗೆ ಸ್ಪೇನಿನ ಸಲಮಾಂಕಾಕ್ಕೆ ಹೋಗುವುದು. ಅಲ್ಲಿ ವಿಶ್ವವಿದ್ಯಾಲಯದ ಬೇಸಿಗೆ ಕೋರ್ಸ್, ವಿದ್ಯಾರ್ಥಿ ನಿಲಯದಲ್ಲಿ ವಸತಿ, ಜೊತೆಗೆ ಒಬ್ಬ ಅಧ್ಯಾಪಕರು ಇರುತ್ತಾರೆ, ಕ್ರೆಡಿಟ್‌ಗಳ ಚಿಂತೆಯಿಲ್ಲ. ಎರಡನೆಯದು, ಒಬ್ಬಳೇ ಗ್ವಾಟೆಮಾಲಾದ ಆಂಟಿಗ್ವಾಕ್ಕೆ (ಕ್ರಿಕೆಟ್‌ನಿಂದ ನಮಗೆಲ್ಲ ಗೊತ್ತಿರುವ ದ್ವೀಪವಲ್ಲ, ಆ ದೇಶದ ಹಳೆಯ ರಾಜಧಾನಿ) ಹೋಗಿ, ಸ್ಥಳೀಯ ಕುಟುಂಬವೊಂದರಲ್ಲಿ ಉಳಿದುಕೊಂಡು, ಒಬ್ಬ ವಿದ್ಯಾರ್ಥಿಗೆ ಒಬ್ಬ ಶಿಕ್ಷಕರಿರುವ ಶಾಲೆಯಲ್ಲಿ ಕಲಿಯುವುದು. ಖರ್ಚು ಇದರಲ್ಲಿ ಕಡಿಮೆ. ಮಾತು ಬೆಳೆಯುವುದು ಎಲ್ಲಿ? ಗ್ವಾಟೆಮಾಲಾದಲ್ಲಿ ಕಲಿತರೆ ಮುಂದೆ ಸ್ಪ್ಯಾನಿಷ್ ಪ್ರಮಾಣಪತ್ರಕ್ಕಾಗಿ ಬರೆಯುವ ಡೆಲೆ ಪರೀಕ್ಷೆಗೆ ತೊಡಕಾಗುವುದೇ? ಆರು ವಾರಗಳಲ್ಲಿ ಮುಂದಿನ ಮಟ್ಟವಾದ ಬಿ1 ಮುಟ್ಟುವೆನೆಂದುಕೊಳ್ಳುವುದು ಅತಿಯಾಸೆಯೇ?

ಉತ್ತರ: ಮೆಸೇತಾ

ವಿದ್ಯಾರ್ಥಿಯಾಗಿದ್ದಾಗ ಒಂದು ಬೇಸಿಗೆಯನ್ನು ಸಲಮಾಂಕಾದಲ್ಲಿ ಕಳೆದಿದ್ದೇನೆ, ಆದ್ದರಿಂದ ಆ ಊರಿನ ಮಟ್ಟಿಗೆ ಹೇಳುತ್ತೇನೆ. 1218ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯವಿರುವ ಊರು ಎಂದ ಕೂಡಲೇ ಸ್ಪೇನಿನ ವಿದ್ಯಾರ್ಥಿಗಳಿಂದ ಗಿಜಿಗುಡುವ ಬೀದಿಗಳು ಕಣ್ಣಿಗೆ ಕಟ್ಟುತ್ತವೆ. ಕಾಲೇಜುಗಳು ನಡೆಯುವ ತಿಂಗಳುಗಳಲ್ಲಿ ಅದು ನಿಜವೇ. ಆದರೆ ಜುಲೈ ಬರುವಷ್ಟರಲ್ಲಿ ಅವರೆಲ್ಲ ಪರೀಕ್ಷೆ ಮುಗಿಸಿ ತಮ್ಮ ತಮ್ಮ ಊರು ಸೇರಿರುತ್ತಾರೆ, ಅವರು ತೆರವು ಮಾಡಿದ ನಿಲಯಗಳಿಗೆ ನಮ್ಮಂಥ ಬೇಸಿಗೆ ಕೋರ್ಸಿನವರು ಬಂದಿಳಿಯುತ್ತಾರೆ. ನಿಮ್ಮ ವಯಸ್ಸಿನ ಸ್ಥಳೀಯರು ಊರಿನಲ್ಲಿ ಅತಿ ಕಡಿಮೆ ಇರುವ ಕಾಲದಲ್ಲೇ ನೀವು ಅಲ್ಲಿಗೆ ಹೋಗುತ್ತಿದ್ದೀರಿ ಎಂಬುದನ್ನು ಯಾವ ಕರಪತ್ರವೂ ಹೇಳುವುದಿಲ್ಲ. ಆಗಸ್ಟ್ ತಿಂಗಳಲ್ಲಂತೂ ಉಳಿದ ಊರಿನವರೂ ರಜೆಗೆಂದು ಕರಾವಳಿಯ ದಾರಿ ಹಿಡಿಯುತ್ತಾರೆ.

ಬೆಳಗಿನ ತರಗತಿಗಳು ಚೆನ್ನಾಗಿಯೇ ನಡೆಯುತ್ತಿದ್ದವು. ತೊಂದರೆಯೆಲ್ಲ ಆಮೇಲಿನದು. ಮಧ್ಯಾಹ್ನ ತರಗತಿಯ ಬಾಗಿಲು ದಾಟುವ ಮೊದಲೇ ಇಂಗ್ಲಿಷ್ ಶುರುವಾಗುತ್ತಿತ್ತು, ನಿಲಯದ ಊಟದ ಮೇಜುಗಳು ಮೊದಲ ವಾರದಲ್ಲೇ ಭಾಷಾವಾರು ಪ್ರಾಂತ್ಯಗಳಾಗಿ ಹಂಚಿಹೋಗಿದ್ದವು, ರಾತ್ರಿ ಪ್ಲಾಸಾ ಮಯೋರ್ ಚೌಕದ ಗಡಿಯಾರದ ಕೆಳಗೆ ಸೇರುವ ಗುಂಪುಗಳಲ್ಲೂ ಕಿವಿಗೆ ಬೀಳುತ್ತಿದ್ದುದು ಹೆಚ್ಚಾಗಿ ಇಂಗ್ಲಿಷೇ. ಗುಂಪಿನೊಂದಿಗೆ ಹೋದವರಿಗೆ ಇದರಿಂದ ತಪ್ಪಿಸಿಕೊಳ್ಳುವುದು ಇನ್ನೂ ಕಷ್ಟ, ಏಕೆಂದರೆ ಮೇಜಿನ ಸುತ್ತ ಕುಳಿತ ಐದು ಮಂದಿ ಗೆಳೆಯರ ನಡುವೆ ಒಬ್ಬಳೇ ಸ್ಪ್ಯಾನಿಷ್ ಮಾತನಾಡುತ್ತೇನೆಂದು ಹಟ ಹಿಡಿದರೆ ಅದು ಜಂಬವೆನಿಸುತ್ತದೆ.

ನನ್ನನ್ನು ಕಾಪಾಡಿದ್ದು ಉಳಿದುಕೊಂಡ ಮನೆ. ನಿಲಯದ ಬದಲು ವೃದ್ಧ ಗೃಹಿಣಿಯೊಬ್ಬರ ಮನೆಯಲ್ಲಿದ್ದೆ. ರಾತ್ರಿ ಊಟಕ್ಕೆ ಕುಳಿತಾಗ ಅವರು ತಪ್ಪದೆ ಕೇಳುತ್ತಿದ್ದ ಪ್ರಶ್ನೆ, ಇವತ್ತು ಏನು ಮಾಡಿದೆ ಎಂಬುದು. ಚೆನ್ನಾಗಿತ್ತು ಎಂದು ಹೇಳಿ ನುಣುಚಿಕೊಳ್ಳಲು ಬಿಡುತ್ತಿರಲಿಲ್ಲ. ಏನು ಚೆನ್ನಾಗಿತ್ತು, ಯಾರ ಜೊತೆ ಹೋದೆ, ಅವನು ಯಾವ ಊರಿನವನು, ನಿನ್ನೆ ಹೇಳಿದ ಆ ಪುಸ್ತಕ ಸಿಕ್ಕಿತೇ ಎಂದು ಒಂದರ ಹಿಂದೆ ಒಂದು ಬರುತ್ತಿದ್ದವು. ಸ್ಪೇನಿನ ಬಹುಭಾಗದಲ್ಲಿ ಇಂದು ನಡೆದದ್ದಕ್ಕೆ ಒಂದು ಭೂತಕಾಲ, ನಿನ್ನೆ ನಡೆದದ್ದಕ್ಕೆ ಇನ್ನೊಂದು: ಇವತ್ತು ಹೋದೆ ಎನ್ನಲು ‘ಎ ಇದೊ’, ನಿನ್ನೆ ಹೋದೆ ಎನ್ನಲು ‘ಫುಯಿ’. ನಾನು ತಪ್ಪಿದಾಗ ಅವರು ತಿದ್ದಲು ಮಾತು ನಿಲ್ಲಿಸುತ್ತಿರಲಿಲ್ಲ, ನನ್ನದೇ ವಾಕ್ಯವನ್ನು ಸರಿಯಾದ ರೂಪದಲ್ಲಿ ಹೇಳಿ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದರು. ತರಗತಿಯಲ್ಲಿ ಕೋಷ್ಟಕವಾಗಿದ್ದ ವ್ಯತ್ಯಾಸ ನಾಲಿಗೆಗೆ ಇಳಿದದ್ದು ಆ ಮೇಜಿನ ಬಳಿಯಲ್ಲೇ.

ಊರಿನ ವಿಷಯದಲ್ಲಿ ದೂರಿಲ್ಲ. ಸುಮಾರು 800 ಮೀಟರ್ ಎತ್ತರದಲ್ಲಿರುವುದರಿಂದ ದಕ್ಷಿಣದ ಸೆವಿಯ್ಯ ನಗರದ ಜುಲೈಗೆ ಹೋಲಿಸಿದರೆ ರಾತ್ರಿಗಳು ತಂಪಾಗಿರುತ್ತವೆ. ಅಲ್ಲಿನ ಜನರ ಉಚ್ಚಾರಣೆಯೂ ಹೊಸಬರಿಗೆ ಬೇಗ ಹಿಡಿತಕ್ಕೆ ಸಿಗುತ್ತದೆ. ದಕ್ಷಿಣದ ಆಂದಲೂಸಿಯ ಪ್ರಾಂತ್ಯದ ಕಡೆ ಹಾಗಲ್ಲ, ಪದದ ಕೊನೆಯ ‘ಸ್’ ಅರ್ಧ ಕರಗಿಹೋಗಿರುತ್ತದೆ.

ಉತ್ತರ: ಬೋಧಕಿ

ಸ್ಪ್ಯಾನಿಷ್ ಕಲಿಸುವುದು ನನ್ನ ವೃತ್ತಿ. ಮೊದಲು ಬಿ1 ಪ್ರಶ್ನೆಯನ್ನು ಇತ್ಯರ್ಥ ಮಾಡೋಣ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್, ಇಂಗ್ಲಿಷ್ ಬಲ್ಲವರಿಗೆ ಸುಲಭವಾದ ಭಾಷೆಗಳ ಗುಂಪಿನಲ್ಲಿ ಸ್ಪ್ಯಾನಿಷನ್ನು ಇಟ್ಟಿದೆ. ಆ ಗುಂಪಿನ ಭಾಷೆಯೊಂದರಲ್ಲಿ ವೃತ್ತಿಗೆ ಬೇಕಾದ ಹಿಡಿತ ಬರಲು 600ರಿಂದ 750 ತರಗತಿ ಗಂಟೆಗಳು ಬೇಕೆಂಬುದು ಅದರ ಲೆಕ್ಕ. ಬಿ1 ಅದಕ್ಕಿಂತ ಸಾಕಷ್ಟು ಕೆಳಗಿನ ಮೆಟ್ಟಿಲು, ನಿಜ. ಆದರೂ ವಾರಕ್ಕೆ ಇಪ್ಪತ್ತು ಗಂಟೆಯಂತೆ ಆರು ವಾರಗಳಿಗೆ ಸಿಗುವುದು 120 ಗಂಟೆಗಳು ಮಾತ್ರ. ಗಟ್ಟಿಯಾದ ಎ2ಯಿಂದ ಹೊರಟವರು ಬಿ1ರ ಹೊಸ್ತಿಲಿಗೆ ಬರಬಹುದು, ಆದರೆ ತರಗತಿಯ ಗಂಟೆಗಳನ್ನೇ ನಂಬಿದವರು ಬರಲಾರರು.

ಇಲ್ಲೊಂದು ಸಂಶೋಧನೆಯನ್ನು ನೆನೆಯಬೇಕು. 2004ರಲ್ಲಿ ಪ್ರಕಟವಾದ, ಫ್ರೆಂಚ್ ಕಲಿಯುವ ಕಾಲೇಜು ವಿದ್ಯಾರ್ಥಿಗಳ ಕುರಿತ ಅಧ್ಯಯನವೊಂದು ಮೂರು ಗುಂಪುಗಳನ್ನು ಹೋಲಿಸಿತು: ತಮ್ಮ ಕಾಲೇಜಿನಲ್ಲೇ ಕಲಿತವರು, ಫ್ರಾನ್ಸಿಗೆ ಹೋದವರು, ಸ್ವದೇಶದಲ್ಲೇ ಫ್ರೆಂಚ್ ಬಿಟ್ಟು ಬೇರೆ ಭಾಷೆ ಆಡದ ತೀವ್ರ ಬೇಸಿಗೆ ಶಿಬಿರದಲ್ಲಿದ್ದವರು. ಮಾತಿನ ಓಘದಲ್ಲಿ ಎಲ್ಲರಿಗಿಂತ ಮುಂದೆ ಬಂದವರು ಶಿಬಿರದವರು, ಫ್ರಾನ್ಸಿಗೆ ಹೋದವರಲ್ಲ. ತರಗತಿಯ ಹೊರಗೆ ಅವರು ಫ್ರೆಂಚ್ ಬಳಸಿದ ಗಂಟೆಗಳೇ ಹೆಚ್ಚಾಗಿದ್ದವು. ಮೆಸೇತಾ ಅವರು ಬಣ್ಣಿಸಿದ ನಿಲಯದ ಊಟದ ಮೇಜಿಗೂ ಇದಕ್ಕೂ ಇರುವ ಸಂಬಂಧವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಯಾವ ದೇಶ ಎಂದು ಕೇಳುವ ಮೊದಲು ಮಧ್ಯಾಹ್ನ ಎರಡರಿಂದ ರಾತ್ರಿ ಹನ್ನೊಂದರವರೆಗೆ ಯಾರ ಜೊತೆ ಇರುತ್ತೇನೆ ಎಂದು ಕೇಳಿಕೊಳ್ಳಿ. ನನ್ನ ಅನುಭವದಲ್ಲಿ ಬೇಸಿಗೆಯ ಕಲಿಕೆ ಗೆಲ್ಲುವುದೂ ಸೋಲುವುದೂ ಆ ಗಂಟೆಗಳಲ್ಲಿ.

ಡೆಲೆ ಪರೀಕ್ಷೆಯ ಬಗ್ಗೆ ಹೆದರಬೇಡಿ. ಸ್ಪೇನಿನ ಶಿಕ್ಷಣ ಸಚಿವಾಲಯದ ಹೆಸರಿನಲ್ಲಿ ಇನ್‌ಸ್ಟಿಟ್ಯೂಟೊ ಸರ್ವಾಂತೆಸ್ ಅದನ್ನು ನಡೆಸಿದರೂ ಗ್ವಾಟೆಮಾಲಾದ ಸ್ಪ್ಯಾನಿಷ್ ಮಾತನಾಡಿದವರಿಗೆ ಅಂಕ ಕಡಿಯುವುದಿಲ್ಲ. ಕೇಳಿಸುವ ಧ್ವನಿಮುದ್ರಿಕೆಗಳಲ್ಲೂ ಬೇರೆ ಬೇರೆ ದೇಶಗಳ ದನಿಗಳಿರುತ್ತವೆ. ಆಪ್ತರಾದ ಹಲವರನ್ನು ಒಟ್ಟಿಗೆ ಮಾತನಾಡಿಸಲು ಸ್ಪೇನಿನವರು ಬಳಸುವ ‘ವೊಸೋತ್ರೊಸ್’ (ನೀವೆಲ್ಲ) ಲ್ಯಾಟಿನ್ ಅಮೆರಿಕದಲ್ಲಿ ಕೇಳಸಿಗುವುದಿಲ್ಲ, ಅದರ ಕ್ರಿಯಾರೂಪಗಳನ್ನು ಗುರುತಿಸುವಷ್ಟು ಪುಸ್ತಕದಿಂದ ಕಲಿತುಕೊಂಡರೆ ಸಾಕು. ನಿಮ್ಮ ಮಟ್ಟಿಗೆ ಗಮನಿಸಬೇಕಾದ ನಿಯಮ ಬೇರೆಯೇ ಇದೆ. ಬಿ1 ಪರೀಕ್ಷೆಯಲ್ಲಿ ಓದು ಮತ್ತು ಬರವಣಿಗೆ ಒಂದು ಗುಂಪು, ಆಲಿಸುವಿಕೆ ಮತ್ತು ಮಾತು ಇನ್ನೊಂದು. ಪ್ರತಿ ಗುಂಪಿನಲ್ಲೂ 50ಕ್ಕೆ 30 ಅಂಕ ಬರಲೇಬೇಕು. ಬರವಣಿಗೆಯಲ್ಲಿ ಗಳಿಸಿದ್ದರಿಂದ ಮಾತಿನ ಕೊರತೆಯನ್ನು ತುಂಬಿಕೊಳ್ಳಲಾಗದು. ತೇರ್ಗಡೆ, ಅನುತ್ತೀರ್ಣ ಎಂಬ ಕಟ್ಟಿಗೆ ಬೀಳದೆ ಈಗ ಎಲ್ಲಿದ್ದೇನೆಂದು ಅಳೆದುಕೊಳ್ಳಬೇಕಿದ್ದರೆ ಸಿಯೆಲೆ ಇದೆ. ಅದು ಕಂಪ್ಯೂಟರಿನಲ್ಲಿ ನಡೆಯುವ ಪರೀಕ್ಷೆ, ನಾಲ್ಕು ಕೌಶಲಗಳಿಗೆ ತಲಾ 250ರಂತೆ 1000 ಅಂಕಗಳು.

ಉತ್ತರ: ಮಳೆಗಾಲದ_ಶಾಲೆ

ಆಂಟಿಗ್ವಾದಲ್ಲಿ ಕಲಿತವನಾಗಿ ಆ ಪಕ್ಷದಿಂದ ಎರಡು ಮಾತು. ಬೋಧಕಿಯವರು ತರಗತಿಯ ಗಂಟೆಗಳನ್ನು ಕೊಂಚ ಹಗುರಾಗಿ ಕಂಡರೆಂದು ನನಗನಿಸುತ್ತದೆ. ಹತ್ತು ಮಂದಿಯ ತರಗತಿಯ ಒಂದು ಗಂಟೆಯಲ್ಲಿ ನೀವು ಬಾಯಿ ತೆರೆಯುವುದು ಕೆಲವೇ ನಿಮಿಷ. ಒಬ್ಬರಿಗೊಬ್ಬರು ಕುಳಿತಾಗ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಅಂಗಳದ ಪಡಸಾಲೆಯಲ್ಲಿ ಒಂದು ಪುಟ್ಟ ಮೇಜು, ಎದುರುಬದುರು ಎರಡು ಕುರ್ಚಿ. ನನ್ನ ಶಿಕ್ಷಕಿ ಮೊದಲ ಗಂಟೆಯಿಡೀ ನನ್ನಿಂದ ಹಿಂದಿನ ದಿನದ ಕತೆ ಹೇಳಿಸುತ್ತಿದ್ದರು. ನಡುವೆ ತಡೆಯದೆ, ತಪ್ಪಿದ ವಾಕ್ಯಗಳನ್ನಷ್ಟೇ ಹಾಳೆಯೊಂದರಲ್ಲಿ ಬರೆದುಕೊಳ್ಳುತ್ತಿದ್ದರು. ಎರಡನೇ ಗಂಟೆ ಆ ಹಾಳೆಯೇ ಪಾಠ. ಮರುದಿನ ಅದೇ ಕತೆಯನ್ನು ಮತ್ತೆ ಹೇಳಬೇಕು, ಹಾಳೆ ನೋಡುವಂತಿಲ್ಲ. ಬೆಳಗು ಮುಗಿಯುವಷ್ಟರಲ್ಲಿ ತಲೆ ಧಿಮ್ಮೆನ್ನುತ್ತಿತ್ತು, ಆದರೆ ನೀವು ಹೇಳುತ್ತಿರುವ ಕಾಯಿಲೆಗೆ ಇದಕ್ಕಿಂತ ನೇರವಾದ ಮದ್ದನ್ನು ನಾನು ಕಂಡಿಲ್ಲ.

ಇದರಲ್ಲೂ ಕುಂದಿದೆ. ಒಬ್ಬರೇ ಶಿಕ್ಷಕರೊಂದಿಗೆ ಬಹಳ ದಿನ ಇದ್ದರೆ ಅವರ ಕಿವಿ ನಿಮ್ಮ ತಪ್ಪುಗಳಿಗೆ ಒಗ್ಗಿಹೋಗುತ್ತದೆ, ನಿಮ್ಮ ಕಿವಿ ಅವರ ನಿಧಾನದ ಮಾತಿಗೆ ಒಗ್ಗಿಹೋಗುತ್ತದೆ. ಹೊರಗೆ ಬಸ್ಸಿನ ಕಂಡಕ್ಟರ್ ಮಾತನಾಡಿದರೆ ಏನೂ ತಿಳಿಯದು. ಎರಡು ವಾರಕ್ಕೊಮ್ಮೆ ಶಿಕ್ಷಕರನ್ನು ಬದಲಿಸಿಕೊಡಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಇನ್ನು ಕುಟುಂಬವೆಂದ ಮಾತ್ರಕ್ಕೆ ಸ್ಪ್ಯಾನಿಷ್ ಸಿಗುತ್ತದೆಂದೂ ನಂಬಬೇಡಿ. ಒಂದೇ ಮನೆಯಲ್ಲಿ ನಾಲ್ಕೈದು ವಿದೇಶಿ ವಿದ್ಯಾರ್ಥಿಗಳನ್ನು ಇರಿಸಿಕೊಳ್ಳುವವರಿದ್ದಾರೆ, ಅಂಥಲ್ಲಿ ಮನೆಯವರು ಊಟ ಬಡಿಸಿ ಒಳಗೆ ಹೋಗುತ್ತಾರೆ, ಮೇಜಿನ ಭಾಷೆ ಮತ್ತೆ ಇಂಗ್ಲಿಷ್. ಆಂಟಿಗ್ವಾ 1979ರಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾಣವಾಗಿರುವುದರಿಂದ ಪ್ರವಾಸಿಗರೂ ವಿಪರೀತ. ಅದು ಬೇಡವೆನಿಸಿದರೆ ಕೆಟ್ಸಾಲ್ಟೆನಾಂಗೊ ಪಟ್ಟಣದಲ್ಲೂ ಇದೇ ಬಗೆಯ ಶಾಲೆಗಳಿವೆ. ಅದನ್ನು ಎಲ್ಲರೂ ಶೇಲಾ ಎಂದೇ ಕರೆಯುತ್ತಾರೆ, 2,300 ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ಬೆಚ್ಚನೆಯ ಬಟ್ಟೆ ಬೇಕಾಗುತ್ತದೆ. ಎರಡೂ ಕಡೆ ಜೂನ್, ಜುಲೈ ಮಳೆಗಾಲ. ಸಾಮಾನ್ಯವಾಗಿ ಮಳೆ ಸುರಿಯುವುದು ಮಧ್ಯಾಹ್ನದ ಮೇಲಾದ್ದರಿಂದ ಬೆಳಗಿನ ಪಾಠಕ್ಕೆ ಅಡ್ಡಿಯಿಲ್ಲ.

ಪ್ರಶ್ನೆ ಕೇಳಿದವರು: ಎರಡನೇ_ವರ್ಷ

ಮೂವರಿಗೂ ಕೃತಜ್ಞತೆಗಳು. ಗುಂಪಿನೊಂದಿಗೆ ಹೋದರೂ ನಿಲಯದ ಬದಲು ಮನೆಯೊಂದರಲ್ಲಿ ಇರಲು ಬಿಡುವಿರಾ ಎಂದು ಕಾಲೇಜನ್ನು ಕೇಳುತ್ತೇನೆ. ಒಪ್ಪದಿದ್ದರೆ ಆಂಟಿಗ್ವಾ ಎಂದು ಮನಸ್ಸು ಮಾಡಿದ್ದೇನೆ. ಹಾಗಾದಲ್ಲಿ ಕ್ರೆಡಿಟ್‌ಗಳ ಗತಿಯೇನು? ವೀಸಾ ಕೆಲಸವನ್ನು ಯಾವಾಗ ಆರಂಭಿಸಬೇಕು?

ಉತ್ತರ: ಬೋಧಕಿ

ಕ್ರೆಡಿಟ್‌ಗಳ ಬಗ್ಗೆ ಹೊರಡುವ ಮುನ್ನವೇ ವಿಭಾಗದಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಬಂದ ಮೇಲೆ ನೋಡೋಣ ಎಂಬ ಬಾಯಿಮಾತು ಕೆಲಸಕ್ಕೆ ಬರುವುದಿಲ್ಲ. ಖಾಸಗಿ ಭಾಷಾ ಶಾಲೆಗಳಲ್ಲಿ ಹಲವು ಕೊಡುವುದು ಹಾಜರಾತಿಯ ಪ್ರಮಾಣಪತ್ರವನ್ನಷ್ಟೇ. ಬೋಧನೆಯ ಒಟ್ಟು ಗಂಟೆಗಳು, ಪಠ್ಯವಿವರ, ಆರಂಭದ ಮತ್ತು ಕೊನೆಯ ಮಟ್ಟ, ಅಂಕ ಇವಿಷ್ಟೂ ಇರುವ ಪತ್ರ ಸಿಗುವುದೇ ಎಂದು ವಿಚಾರಿಸಿ. ಸ್ಪೇನಿನ ವಿಶ್ವವಿದ್ಯಾಲಯಗಳು ಯುರೋಪಿನ ಕ್ರೆಡಿಟ್ ಪದ್ಧತಿಯಲ್ಲಿ ಲೆಕ್ಕ ಹಾಕುತ್ತವೆ. ಅಲ್ಲಿ ಒಂದು ಕ್ರೆಡಿಟ್ ಎಂದರೆ ವಿದ್ಯಾರ್ಥಿಯ 25ರಿಂದ 30 ಗಂಟೆಗಳ ಒಟ್ಟು ಶ್ರಮ, ತರಗತಿಯ ಹೊರಗಿನ ಓದೂ ಅದರಲ್ಲಿ ಸೇರಿದೆ.

ವೀಸಾ ಬೇಕೋ ಬೇಡವೋ ಎಂಬುದು ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದೆಂಬುದನ್ನು ಅವಲಂಬಿಸಿದೆ. ಸ್ಪೇನ್ ಸೇರಿರುವ ಷೆಂಗೆನ್ ಪ್ರದೇಶದಲ್ಲಿ (ಒಂದೇ ಅಲ್ಪಾವಧಿ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು) ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಮೀರದಿದ್ದರೆ ಅಲ್ಪಾವಧಿಯ ನಿಯಮಗಳೇ ಅನ್ವಯಿಸುತ್ತವೆ. ವೀಸಾ ಬೇಕಾದವರು ಪ್ರಯಾಣಕ್ಕೆ ಆರು ತಿಂಗಳಿರುವಾಗಿನಿಂದ ಅರ್ಜಿ ಹಾಕಬಹುದು, 15 ದಿನ ಮೊದಲಾದರೂ ಹಾಕಲೇಬೇಕು, ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆಯೂ ಇರಬೇಕು. ಬೇಸಿಗೆಯಲ್ಲಿ ನೂಕುನುಗ್ಗಲು ಹೆಚ್ಚು, ಕೊನೆಯ ತಿಂಗಳವರೆಗೆ ಕಾಯಬೇಡಿ. ಗ್ವಾಟೆಮಾಲಾದಲ್ಲಿ 90 ದಿನಗಳ ಮಿತಿ ಎಲ್ ಸಾಲ್ವಡೊರ್, ಹೊಂಡುರಾಸ್, ನಿಕರಾಗುವಾಗಳನ್ನೂ ಸೇರಿಸಿ ಲೆಕ್ಕವಾಗುತ್ತದೆ. ಆರು ವಾರಕ್ಕೆ ಅದು ಅಡ್ಡಿಯಾಗದು.

ಉತ್ತರ: ಮೆಸೇತಾ

ವಸತಿಯ ಅರ್ಜಿಯಲ್ಲಿ ಆಹಾರ, ಅಲರ್ಜಿ, ಸಾಕುಪ್ರಾಣಿಗಳ ಪ್ರಶ್ನೆಗಳ ಕೆಳಗೆ ಇತರ ಕೋರಿಕೆಗಳು ಎಂಬ ಖಾಲಿ ಜಾಗವಿರುತ್ತದೆ. ಅನೇಕರು ಅದನ್ನು ಬಿಟ್ಟುಬಿಡುತ್ತಾರೆ. ನನ್ನ ಭಾಷೆಯನ್ನಾಗಲಿ ಇಂಗ್ಲಿಷನ್ನಾಗಲಿ ಆಡುವ ಇನ್ನೊಬ್ಬ ವಿದ್ಯಾರ್ಥಿ ಅದೇ ಮನೆಯಲ್ಲಿ ಇರಬಾರದು, ರಾತ್ರಿಯೂಟ ಮನೆಯವರ ಜೊತೆಯಲ್ಲೇ ಆಗಬೇಕು ಎಂದು ಅಲ್ಲಿ ಸ್ಪಷ್ಟವಾಗಿ ಬರೆಯಿರಿ. ಸಲಮಾಂಕಾಕ್ಕೂ ಆಂಟಿಗ್ವಾಕ್ಕೂ ಈ ಮಾತು ಒಂದೇ. ಅದಕ್ಕೆ ಒಪ್ಪಿಗೆ ಲಿಖಿತವಾಗಿ ಬಂದ ಮೇಲೆಯೇ ಮುಂಗಡ ಹಣ ಕಟ್ಟಿ.