ಗುಳ್ಳದ ಕಾಯಿಕೊರಕಕ್ಕೆ ಅಣಬೆ ಪ್ರೊಟೀನ್ ಆಗುತ್ತದಾ?

ಕಟಪಾಡಿ ತೋಟ:
ಮಟ್ಟುವಿನ ಹತ್ತಿರ ಅರ್ಧ ಎಕರೆ ಗುಳ್ಳ ಬದನೆ ಹಾಕಿದ್ದೇನೆ. ಈ ಸಲವೂ ಕಾಯಿಕೊರಕದ ಕಾಟ. ಹೊರಗಿಂದ ಚಂದದ ಕಾಯಿ, ಕತ್ತರಿಸಿದರೆ ಹುಳ. ವಾರ ವಾರ ವಿಷ ಹೊಡೆಯಲು ಮನಸ್ಸಿಲ್ಲ, ನಾವೂ ಅದನ್ನೇ ತಿನ್ನುವುದಲ್ವಾ. ಅಣಬೆಯ ಪ್ರೊಟೀನ್ ಹುಳ ಕೊಲ್ಲುತ್ತದೆ ಅಂತ ಓದಿದೆ. ಅಂಗಡಿಯ ಬಿವೇರಿಯಾ ಪುಡಿ ಅಂದರೆ ಅದೇನಾ? ಚಿಪ್ಪು ಅಣಬೆ ಅರೆದು ಹೊಡೆದರೆ ಹೇಗೆ? ನಗಬೇಡಿ.

ವಿಟ್ಲದವ:
ನಗುವುದಿಲ್ಲ ಮಾರಾಯ್ರೆ, ಚಿಪ್ಪು ಅಣಬೆಯಲ್ಲೇ ವಿಷಯ ಉಂಟು. ಅದರಲ್ಲಿ ಒಸ್ಟ್ರಿಯೊಲೈಸಿನ್ ಅಂತ ಒಂದು ಪ್ರೊಟೀನ್, ಪ್ಲೂರೊಟೊಲೈಸಿನ್ ಬಿ ಅಂತ ಇನ್ನೊಂದು. ಎರಡೂ ಸೇರಿದರೆ ಹುಳದ ಕರುಳಿನ ಜೀವಕೋಶಕ್ಕೆ ತೂತು ಬೀಳುತ್ತದೆ. ಇವು ಹಿಡಿಯುವುದು ಕೀಟಗಳ ಕೋಶದ ಪೊರೆಯಲ್ಲಿ ಜಾಸ್ತಿ ಇರುವ ಒಂದು ಕೊಬ್ಬನ್ನು, ನಮ್ಮ ಮೈಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಪ್ರಯೋಗದಲ್ಲಿ ಸತ್ತದ್ದು ಆಲೂಗಡ್ಡೆಯ ಕೊಲೊರಾಡೊ ದುಂಬಿ, ಜೋಳದ ಬೇರು ತಿನ್ನುವ ದುಂಬಿಯ ಮರಿ. ನಿಮ್ಮದು ಪತಂಗದ ಮರಿ, ಅದೂ ಸಾಯುತ್ತದೆ ಅಂತ ಹೇಳಲಾಗುವುದಿಲ್ಲ.

ಬಿವೇರಿಯಾ ಬೇರೆಯೇ. ಅದು ಜೀವ ಇರುವ ಶಿಲೀಂಧ್ರ. ಬೀಜಕ ಹುಳದ ಮೈಗೆ ಅಂಟಿ, ಮೊಳೆತು, ಚರ್ಮ ತೂರಿ ಒಳಗೆ ಹೋಗುತ್ತದೆ. ಹುಳ ತಿನ್ನಲೇಬೇಕಂತಿಲ್ಲ. ಈ ಪ್ರೊಟೀನ್ ಮಾತ್ರ ಹೊಟ್ಟೆಗೇ ಹೋಗಬೇಕು. ನಿಮ್ಮ ಹುಳವೋ, ಮೊಟ್ಟೆಯಿಂದ ಹೊರಬಂದು ಸ್ವಲ್ಪ ಹೊತ್ತಿಗೇ ಕಾಯಿಯೊಳಗೆ ನುಗ್ಗಿ ತನ್ನ ಹಿಕ್ಕೆಯಿಂದಲೇ ತೂತು ಮುಚ್ಚಿಕೊಳ್ಳುತ್ತದೆ. ಮತ್ತೆ ಮೇಲಿಂದ ಅಣಬೆ ರಸ ಹೊಡೆದರೆ ಯಾರಿಗೆ ಬಡಿಸಿದ ಹಾಗಾಯ್ತು?

ಗದ್ದೆ ಬದಿ:
ಅಂದರೆ ಗಿಡವೇ ಆ ಪ್ರೊಟೀನ್ ಮಾಡಿಕೊಳ್ಳಬೇಕು. ಅಲ್ಲಿಗೆ ಹೊರಗಿನ ಜೀನು ಸೇರಿಸಿದ ಬಿಟಿ ಬದನೆಯ ಕಥೆಯೇ ಬಂತು. ಅದರದ್ದು ಬ್ಯಾಕ್ಟೀರಿಯಾದ ಪ್ರೊಟೀನ್, ಇದು ಅಣಬೆಯದ್ದು. 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಬಿಟಿ ಬದನೆಗೆ ತಡೆ ಹಾಕಿದ್ದು ನೆನಪುಂಟಲ್ಲ? ಮಟ್ಟು ಗುಳ್ಳಕ್ಕೆ 2011ರಲ್ಲಿ ಜಿಐ, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತು ಸಿಕ್ಕಿದೆ, ಅದರ ಜೀನಿಗೆ ಕೈ ಹಾಕುವುದು ನನಗಂತೂ ಬೇಡ.

ವಿಟ್ಲದವ:
ನಾನು ಅಷ್ಟು ಗಟ್ಟಿಯಾಗಿ ಬೇಡ ಅನ್ನುವುದಿಲ್ಲ, ವಿಷ ಹೊಡೆಯುವವನ ಕಷ್ಟವೂ ಕಷ್ಟವೇ. ಆದರೆ ಈ ಹಂಗಾಮಿಗೆ ಅದು ಸಿಗುವುದಿಲ್ಲವಲ್ಲ. ಹುಳ ಕೊರೆದು ಬಾಡಿದ ಕುಡಿ ಕಂಡ ಕೂಡಲೇ ಚಿವುಟಿ ಸುಡಿ, ಗದ್ದೆಯಲ್ಲೇ ಬಿಸಾಡಬೇಡಿ. ಹೆಣ್ಣು ಪತಂಗದ ವಾಸನೆ ಇಟ್ಟ ಫೆರೊಮೋನ್ ಬಲೆ ಕಟ್ಟಿ, ಗಂಡು ಪತಂಗ ಬೀಳುತ್ತದೆ. ಬಿವೇರಿಯಾ ಹೊಡೆಯುವುದಾದರೆ ಸಂಜೆ ಹೊಡೆಯಿರಿ, ಬಿಸಿಲಿಗೆ ಬೀಜಕ ಸಾಯುತ್ತದೆ. ಮೈಲುತುತ್ತು ತಾಗಿಸಬೇಡಿ, ಅಡಿಕೆಯ ಕೊಳೆರೋಗ ತಡೆಯುವ ಆ ಮದ್ದು ಶಿಲೀಂಧ್ರವಾದ ಇದನ್ನೂ ಬಿಡುವುದಿಲ್ಲ.

ಕಟಪಾಡಿ ತೋಟ:
ಅಯ್ಯೋ ದೇವರೇ. ಕಳೆದ ವರ್ಷ ಅಡಿಕೆಗೆ ಮೈಲುತುತ್ತು-ಸುಣ್ಣದ ಬೋರ್ಡೋ ಹೊಡೆದ ಪಂಪಲ್ಲೇ ಬಿವೇರಿಯಾ ಹೊಡೆದದ್ದು, ಅದೂ ಸುಮ್ನೆ ಒಮ್ಮೆ ನೀರು ಕುಲುಕಿಸಿ ಚೆಲ್ಲಿ. ಆಮೇಲೆ ಪುಡಿಯೇ ಡುಪ್ಲಿಕೇಟ್ ಅಂತ ಅಂಗಡಿಯವರಿಗೆ ಬೈದು ಬಂದಿದ್ದೆ.